ಗುಡ್ಡದ ತಿರುವಿನ ಕರಡಿ ಬೋರ್ಡು

ನಾನು ಒಂದು ತಗಡಿನ ಬೋರ್ಡು. ಸಂಡೂರಿನ ಕಡೆ, ಅದಿರಿನ ಲಾರಿಗಳು ಇಳಿಯುವ ಗುಡ್ಡದ ತಿರುವಿನಲ್ಲಿ ನಿಂತಿದ್ದೇನೆ. 'ಕರಡಿ ದಾಟುವ ಜಾಗ' ಎಂದು ಬರೆದು ಒಂದು ಕರಡಿ ಬಿಡಿಸಿ ಎಂದು ಅರಣ್ಯ ಇಲಾಖೆಯವರು ಪೇಂಟರ್ ಮೌಲಾಸಾಬರಿಗೆ ಹೇಳಿದ್ದರು. ಅವರು ಕರಡಿ ಕಂಡವರಲ್ಲ. ಬದುಕಿನುದ್ದಕ್ಕೂ ಗುಡಿಯ ಗೋಡೆಗಳಿಗೆ ಆಂಜನೇಯನನ್ನು ಬರೆದವರು. ಕೈ ತನಗೆ ಗೊತ್ತಿದ್ದನ್ನೇ ಬರೆಯಿತು. ನನಗೆ ಉಬ್ಬಿದ ಗಲ್ಲ ಬಂತು, ಉದ್ದನೆಯ ಬಾಲವೂ ಬಂತು. ಇಲಾಖೆ ಬಿಲ್ಲು ಪಾಸು ಮಾಡಿತು.

ಗಣಿಯ ಕೆಂಪು ಧೂಳು ಅಕ್ಷರಗಳನ್ನು ಮುಚ್ಚಿದ ಮೇಲೆ ನಾನು ಪೂರ್ತಿ ಹನುಮಪ್ಪನಾದೆ. ಬ್ರೇಕಿನ ಮೇಲೆ ನಂಬಿಕೆಯಿಲ್ಲದ ಡ್ರೈವರುಗಳು ಇಳಿಜಾರಿಗೆ ಮೊದಲು ನನ್ನ ಮುಂದೆ ಕಾಯಿ ಒಡೆದರು. ಕಾಯಿ ಮಾರಲು ಹುಲಿಗೆವ್ವ ಬಂದಳು. ಕಾಯಿಯ ಜೊತೆಗೆ ಚಹಾ. ಅವಳ ಹೊಲ ಗಣಿಯ ಮಣ್ಣಿನಡಿ ಸೇರಿತ್ತು. ಈಗ ಗಣಿಯ ಲಾರಿಯೇ ಅವಳಿಗೆ ಅನ್ನ. ದೇವರಾಗಿ ನಾನು ಮಾಡಿದ ಕೆಲಸವೇನೂ ಇಲ್ಲ. ನಿಂತಿದ್ದರೆ ಸಾಕಿತ್ತು.

ಗುಡ್ಡ ಕರಗುತ್ತ ಹೋಯಿತು. ಹಣ್ಣಿನ ಗಿಡಗಳು ಹೋದವು, ಕರಡಿ ಗೆದ್ದಲು ತಿನ್ನುವ ಹುತ್ತಗಳು ಹೋದವು. ಒಂದು ಸಂಜೆ, ಮರಿಯನ್ನು ಬೆನ್ನ ಮೇಲೆ ಹೊತ್ತ ತಾಯಿ ಕರಡಿ ನನ್ನ ಬುಡಕ್ಕೆ ಬಂದು ಕಾಯಿಚೂರು ಆಯತೊಡಗಿತು. ತಿರುವಿನಲ್ಲಿ ಬಂದ ಲಾರಿ ಅದರ ಮೂತಿ ಸವರಿಕೊಂಡೇ ಹೋಯಿತು. ಮರುದಿನವೂ ಕರಡಿ ಬಂತು.

ಹುಲಿಗೆವ್ವ ಡ್ರೈವರ್ ತಿಪ್ಪೇಸ್ವಾಮಿಗೆ ಹೇಳಿದಳು: "ಇಲ್ಲಿ ಕಾಯಿ ಒಡಿಬ್ಯಾಡಪ್ಪ. ಕರಡಿ ರುಚಿ ಹಿಡದೈತಿ. ಯಾವನರ ಒಬ್ಬ ಅದರ ಮ್ಯಾಲೆ ಗಾಡಿ ಹತ್ತಿಸ್ತಾನ."

"ಕಾಯಿ ಒಡೀಲಿಲ್ಲಂದ್ರ ಗಾಡಿ ಯಾಕ ನಿಲ್ಲಿಸ್ಲಿ ಯಕ್ಕಾ? ನಿನ್ನ ಚಾ ಕುಡಿಯಾಕಾ? ಅದನ್ನ ಕುಡದ್ರ ಬ್ರೇಕಿಗಿಂತ ಮೊದಲು ನಾನ ಫೇಲು."

ಅವಳು ನಗಲಿಲ್ಲ. ಕರಡಿ ಉಳಿಯಬೇಕಾದರೆ ಅಂಗಡಿ ಉಳಿಯದು. ಅದು ಅವಳಿಗೂ ಗೊತ್ತಿತ್ತು. ದಿನಾ ಸಂಜೆ ಚೂರು ಗುಡಿಸಿ ನೋಡಿದಳು. ಗುಡಿಸಿದಷ್ಟೂ ಒಡೆದರು. ಕೊನೆಗೊಂದು ಮಧ್ಯಾಹ್ನ, ಲಾರಿಗಳಿಲ್ಲದ ಹೊತ್ತಿನಲ್ಲಿ, ಡಾಂಬರು ತಂದು, "ತಪ್ಪಾತು ಹನುಮಪ್ಪಾ" ಎಂದು ಕೈಮುಗಿದು, ನನ್ನ ಮುಖಕ್ಕೆ ಬಳಿದಳು.

ಮುಖವಿಲ್ಲದ ದೇವರಿಗೆ ಯಾರೂ ಗಾಡಿ ನಿಲ್ಲಿಸಲಿಲ್ಲ. ಕರಡಿ ಮತ್ತೆ ಬಂದು ಬರಿ ನೆಲ ಮೂಸಿತು. ಅಂಗಡಿಯೊಳಗಿನಿಂದ ಹುಲಿಗೆವ್ವ ಮೆಲ್ಲಗೆ ಅಂದಳು: "ಹೋಗವ್ವಾ. ಇವತ್ತ ನಿನಗೂ ಇಲ್ಲ, ನನಗೂ ಇಲ್ಲ."

ಕರಡಿ ಮರಿಯೊಡನೆ ಗುಡ್ಡ ಹತ್ತಿತು. ಆ ವಾರವೇ ಅವಳು ಸ್ಟವ್ವು ಕಟ್ಟಿಕೊಂಡು ಕೆಳಗಿಳಿದಳು.

ಆಮೇಲೆ ಗಣಿಯೂ ನಿಂತಿತು. ಈಗ ತಿರುವಿನಲ್ಲಿ ನಾನೊಬ್ಬನೇ, ತುಕ್ಕು ಹಿಡಿಯುತ್ತ. ಅವಳು ಎಲ್ಲೋ ಕೂಲಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿರಬೇಕು, ಕರಡಿ ಇನ್ನಾವುದೋ ಗುಡ್ಡದಲ್ಲಿ ಮರಿಯನ್ನು ದೊಡ್ಡದು ಮಾಡಿರಬೇಕು ಎಂದುಕೊಳ್ಳುತ್ತೇನೆ. ಹೀಗೆ ಅಂದುಕೊಂಡು ನಿಂತಿರುವುದು ನನಗೇನೂ ಕಷ್ಟವಲ್ಲ. ತಗಡಿಗೆ ಹೊಟ್ಟೆಯಿಲ್ಲ.