ಎರಡು ಕೈಯ ಚಹಾ

ವರದಿಗಾರನಿಗೆ ಅಕ್ಕನ ಕೆಲಸವೆಂದರೆ ಮೊದಲಿನಿಂದಲೂ ತಮಾಷೆ. ಮಾನವಶಾಸ್ತ್ರವಂತೆ, ಎರಡು ವರ್ಷ ಬಸ್ ಡ್ರೈವರುಗಳ ಮನೆ ಹೊಸ್ತಿಲಲ್ಲಿ ಕೂತು ಹರಟೆ ಹೊಡೆಯುವುದಕ್ಕೆ ಸಂಬಳ ಬೇರೆ ಎಂದು ಊಟಕ್ಕೆ ಕೂತಾಗಲೆಲ್ಲ ಕಾಲೆಳೆಯುತ್ತಿದ್ದ. ಅವನೋ ಮಧ್ಯಾಹ್ನ ಹೋಗಿ ಸಂಜೆ ಐದಕ್ಕೆ ವರದಿ ಒಪ್ಪಿಸುವ ಆಸಾಮಿ.

ಆ ಸಲ ಸಂಪಾದಕರು ಅವನನ್ನು ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಗೆ ಅಟ್ಟಿದರು. ಬ್ಲೀಚಿಂಗ್ ನೀರಿನಿಂದ ಅಲ್ಲಿನ ಹೆಂಗಸರ ಕೈ ಹಾಳಾಗುತ್ತಿದೆಯೆಂದು ಅವರಲ್ಲೇ ಯಾರೋ ಹೆಸರಿಲ್ಲದ ಅರ್ಜಿ ಹಾಕಿದ್ದರು. ಸೋಮವಾರ ಕಾರ್ಮಿಕ ಇಲಾಖೆಯ ಅಧಿಕಾರಿ ತನಿಖೆಗೆ ಬರುವವರಿದ್ದರು. ಅವರು ಹೂಂ ಎಂದರೆ ಕೈಗವಸು, ಚಿಕಿತ್ಸೆ. ಊಹೂಂ ಎಂದರೆ ಅಲ್ಲಿಗೆ ಮುಗಿಯಿತು.

ಹೊರಡುವಾಗ ಅಕ್ಕ ಹೇಳಿದ್ದಳು: "ತೊಂದರೆ ಇದೆಯಾ ಅಂತ ಕೇಳ್ಬೇಡ ಕಣೋ. ಗುರುತಿಲ್ಲದವರ ಮುಂದೆ ಯಾರೂ ಇದೆ ಅನ್ನಲ್ಲ. ಒಂದು ದಿನ ಸುಮ್ನೆ ಕೂತು ಅವರು ಹೇಗೆ ಕೆಲಸ ಮಾಡ್ತಾರೆ ನೋಡು. ಕಂಡಿದ್ದಕ್ಕೆ ನೀನೇ ಅರ್ಥ ಕಟ್ಟಬೇಡ, ಅವರನ್ನೇ ಕೇಳು."

ಒಂದು ದಿನದ ಪುರುಸೊತ್ತು ಯಾರಿಗಿದೆ? ಅವನಿದ್ದದ್ದು ಒಂದು ಗಂಟೆ. ಹಬೆ, ಒದ್ದೆ ನೆಲ, ರಾಶಿ ರಾಶಿ ಹೊದಿಕೆ. ತೊಂದರೆ ಇದೆಯಾ ಎಂದು ಹನ್ನೊಂದು ಜನರನ್ನು ಕೇಳಿದ. ಹನ್ನೊಂದು ಜನವೂ ಇಲ್ಲವೆಂದರು. ಕೊನೆಗೆ ಅವರಲ್ಲಿ ಹಿರಿಯಳಾದ ಹೆಂಗಸು ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದು, ತುಸು ಬಾಗಿ, ಅವನಿಗೆ ಚಹಾ ಕೊಟ್ಟಳು. ಉಳಿದವರೂ ಒಬ್ಬರಿಗೊಬ್ಬರು ಹಾಗೇ ಕೊಟ್ಟುಕೊಂಡರು. ಅವನ ಮನಸ್ಸು ತುಂಬಿ ಬಂತು. ಇಷ್ಟು ದುಡಿಮೆಯ ನಡುವೆಯೂ ಚಹಾವನ್ನು ಎರಡು ಕೈಯಲ್ಲಿ ಕೊಡುವ ಸಂಸ್ಕೃತಿ ಎಂದು ಬರೆದು, ಫೋಟೋ ಹಾಕಿಸಿ, ಬೆನ್ನು ತಟ್ಟಿಸಿಕೊಂಡ.

ಭಾನುವಾರ ಬೆಳಿಗ್ಗೆ ಅಕ್ಕ ಪತ್ರಿಕೆಯನ್ನು ಅವನ ತಟ್ಟೆಯ ಪಕ್ಕ ಇಟ್ಟಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಒಂದು ಕೈಯಲ್ಲಿ ಲೋಟ ಹಿಡಿಯೋಕೆ ಬೆರಳು ಮಡಚಬೇಕಲ್ವೇನೋ? ಫೋಟೋ ಸರಿಯಾಗಿ ನೋಡು."

ನೋಡಿದ. ಲೋಟದ ಎರಡೂ ಬದಿಗೆ ಬೆರಳುಗಳು ಕಡ್ಡಿಯಂತೆ ನೆಟ್ಟಗಿದ್ದವು. ಒಂದೂ ಬಾಗಿರಲಿಲ್ಲ. ಕಣ್ಣೆದುರಿಗಿದ್ದ ಸಾಕ್ಷಿಗೆ ತಾನೇ ಗೌರವವೆಂದು ಹೆಸರಿಟ್ಟು ಊರಿಗೆಲ್ಲ ಹಂಚಿದ್ದ. ತಿದ್ದುಪಡಿ ಹಾಕಿ ಎಂದು ಫೋನಿನಲ್ಲಿ ಅಂಗಲಾಚಿದರೆ, ಅವರಲ್ಲಿ ಒಬ್ಬರಾದರೂ ಬಾಯಿಬಿಟ್ಟು ಹೇಳಲಿ, ಆಮೇಲೆ ನೋಡೋಣ ಎಂದರು ಸಂಪಾದಕರು.

ಸೋಮವಾರ ಬೆಳಿಗ್ಗೆಯೇ ಲಾಂಡ್ರಿಗೆ ಓಡಿದ. ಮಾಲೀಕ ಆಗಲೇ ಆ ಪುಟಕ್ಕೆ ಚೌಕಟ್ಟು ಹಾಕಿಸಿ ಬಾಗಿಲಲ್ಲಿ ತೂಗುಹಾಕಿದ್ದ. ಹಿರಿಯಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೆರಳು ಯಾವಾಗಿನಿಂದ ಹೀಗಾಗಿದೆ ಎಂದು ಮೆಲ್ಲಗೆ ಕೇಳಿದ. ಅವಳು ಕೈ ಸೆರಗಿನೊಳಗೆ ಎಳೆದುಕೊಂಡಳು.

"ಇಷ್ಟು ವರ್ಷದಲ್ಲಿ ನಮ್ಮ ಬಗ್ಗೆ ಯಾರೂ ಒಂದು ಒಳ್ಳೆ ಮಾತು ಬರ್ದಿರ್ಲಿಲ್ಲ. ಮೊಮ್ಮಗಳು ಪೇಪರ್ ಶಾಲೆಗೆ ತಗೊಂಡು ಹೋಗಿದಾಳೆ. ಈಗ ಅದು ಸುಳ್ಳು ಅನ್ಬೇಡಿ ಸರ್."

ಅಷ್ಟರಲ್ಲಿ ಅಧಿಕಾರಿ ಬಂದರು, ಕಂಕುಳಲ್ಲಿ ಅದೇ ಪತ್ರಿಕೆ. ಇವನು ಅಡ್ಡ ಹೋಗಿ, ದಯವಿಟ್ಟು ಅವರ ಬೆರಳು ನೋಡಿ ಎಂದ. ನೀವೇ ಚೆನ್ನಾಗಿ ಬರೆದಿದ್ದೀರಲ್ಲ ಎಂದು ಅವರು ನಕ್ಕರು. ಹಿರಿಯಳು ಚಹಾ ತಂದಳು. ಎರಡು ಅಂಗೈಗಳ ನಡುವೆ ಲೋಟ, ಈ ಸಲ ಇನ್ನಷ್ಟು ಬಾಗಿ, ಪೇಪರಿನಲ್ಲಿ ಬಂದ ಹಾಗೆಯೇ. ಅಧಿಕಾರಿ ಖುಷಿಯಿಂದ ತೆಗೆದುಕೊಂಡು, ದೂರಿನಲ್ಲಿ ಹುರುಳಿಲ್ಲವೆಂದು ಬರೆಸಿದರು.

ಆಮೇಲೆ ಅವಳು ವರದಿಗಾರನಿಗೂ ಒಲೆಯಿಂದ ಆಗಷ್ಟೇ ಇಳಿಸಿದ ಚಹಾದ ಒಂದು ಲೋಟವನ್ನು ಹಾಗೇ ಅಂಗೈಗಳ ನಡುವೆ ತಂದಳು. ಅವನು ಹಿಡಿದವನೇ ಕೈ ಸುಟ್ಟು ತಟ್ಟನೆ ಕೆಳಗಿಟ್ಟ. ಅಷ್ಟು ಬಿಸಿಯೇ ಎಂದು ಅವಳು ಅಚ್ಚರಿಯಿಂದ ಕೇಳಿದಳು.