ಸಕ್ಕರೆ ಹಾಕದ ಪಲಾವು

ನಾನು ಒಂದು ಹಿತ್ತಾಳೆ ಬೋಗುಣಿ. ಕಂಚುಗಾರನ ಸುತ್ತಿಗೆ ಪೆಟ್ಟು ತಿಂದು ಹುಟ್ಟಿದ ಜೀವ, ಹಾಗಾಗಿ ನನ್ನ ಬಾಯಿ ಸ್ವಲ್ಪ ಗಡುಸು. ವಿಜಯಪುರದ ಬಟ್ಟೆ ವ್ಯಾಪಾರಿ ರಾಚಪ್ಪನ ತಾಯಿ ನನ್ನನ್ನು ಕೊಂಡಳು. ಆಕೆ ಸತ್ತ ಮೇಲೆ ಸೊಸೆ ನಿಂಬೆವ್ವನ ಕೈಗೆ ಬಂದೆ.

ರಾಚಪ್ಪನಿಗೆ ಸಕ್ಕರೆ ಕಾಯಿಲೆ ಅಂಟಿತು. ನಿಂಬೆವ್ವ ಅನ್ನ ಬಿಡಿಸಿ ನನ್ನಲ್ಲಿ ನವಣೆ ಪಲಾವು ಮಾಡತೊಡಗಿದಳು. ಗಜ್ಜರಿ, ಅವರೆಕಾಳು, ಒಂದಿಷ್ಟು ಮೆಂತ್ಯ ಸೊಪ್ಪು. ನವಣೆಯಲ್ಲಿ ನಾರಿದೆ, ಹೊಟ್ಟೆಯಲ್ಲಿ ನಿಧಾನ ಕರಗುತ್ತದೆ. ಆದರೂ ಅಳತೆ ಬೇಕು. ಅವಳು ಅಳೆದೇ ಬಡಿಸುತ್ತಿದ್ದಳು. ಅವನು ಮುಖ ಸಿಂಡರಿಸಿಕೊಂಡು ಉಣ್ಣುತ್ತಿದ್ದ.

ಅಷ್ಟರಲ್ಲಿ ಅವನ ಅಕ್ಕ ಗೌರವ್ವ ಬಂದು ಬೇರೂರಿದಳು. ತಿಕೋಟಾದ ದ್ರಾಕ್ಷಿ ತೋಟದ ಮನೆಯ ಸೊಸೆ, ಚೀಲದ ತುಂಬ ಮಣೂಕ ತಂದಿದ್ದಳು. ಮಣೂಕವೆಂದರೆ ಒಣದ್ರಾಕ್ಷಿ, ಅದರ ಮುಖ ಕಂಡರೆ ನನಗಾಗದು. ತಮ್ಮನಿಗೆ ಹಕ್ಕಿಯ ಕಾಳು ಹಾಕುತ್ತೀಯಾ ಎಂದು ನಿಂಬೆವ್ವನ ಮೇಲೆ ಹರಿಹಾಯ್ದು ಸೌಟು ಕಸಿದುಕೊಂಡಳು. ಅಂದಿನಿಂದ ಅದೇ ನವಣೆಯ ಜೊತೆ ಬೊಗಸೆಗಟ್ಟಲೆ ಮಣೂಕ, ಖರ್ಜೂರ, ಒಣ ಅಂಜೂರ ನನ್ನ ಹೊಟ್ಟೆಗೆ. ಹೊಲದಲ್ಲಿ ಬೆವರು ಸುರಿಸುವವನಿಗೆ ಅದು ಬಲವೇ, ಯಾರು ಅಲ್ಲವೆಂದರು? ಇವನೋ ಅಂಗಡಿಯ ಗಾದಿ ಬಿಟ್ಟು ಏಳದವನು. ನಿಂಬೆವ್ವ ಅಡ್ಡ ಬಂದಾಗಲೆಲ್ಲ ಗೌರವ್ವನದು ಒಂದೇ ಮಾತು.

"ಬ್ಯಾನಿ ಸಕ್ಕರೀದು. ನಾ ಒಂದ ಕಾಳ ಸಕ್ಕರಿ ಹಾಕಿಲ್ಲ."

ರಾಚಪ್ಪ ಅಕ್ಕನ ಪಕ್ಷ. ಆಗದೇನು, ನಾಲಿಗೆಗೆ ಹಬ್ಬ! ಸಿರಿಧಾನ್ಯ ಎಷ್ಟು ತಿಂದರೂ ಒಳ್ಳೆಯದೇ ಎಂದು ಮತ್ತೆ ಮತ್ತೆ ಬಡಿಸಿಕೊಂಡು ತೇಗುತ್ತಿದ್ದ. ಸಿಟ್ಟಿಗೆ ನಾನು ತಳ ಹಿಡಿಸಿದೆ. ಸೀದದ್ದನ್ನೂ ಕೆರೆದು ತಿಂದ, ಹೊಟ್ಟೆಬಾಕ.

ಚಪ್ಪಲಿ ಕಚ್ಚಿದ ಗಾಯ ಮಾಯಲಿಲ್ಲ. ಹೆಬ್ಬೆರಳು ಕಪ್ಪಾಯಿತು. ಡಾಕ್ಟರು ಊಟ ವಿಚಾರಿಸಿ, ದ್ರಾಕ್ಷಿ ಒಣಗಿದರೆ ಹೋಗುವುದು ನೀರು, ಸಕ್ಕರೆಯಲ್ಲ ಎಂದು ಬೈದರಂತೆ. ಬೆರಳು ತೆಗೆದರು. ಕಾಲು ಉಳಿಯುವುದು ಇನ್ನು ಬಾಯಿಯ ಕೈಯಲ್ಲಿದೆ ಎಂದರಂತೆ.

ಗೌರವ್ವ ಮುನಿಸಿಕೊಂಡು ತಿಕೋಟಾಕ್ಕೆ ಹೋದಳು. ನಿಂಬೆವ್ವ ನನ್ನನ್ನು ಹಿತ್ತಲಿಗೆ ಎಸೆದಳು. ನವಣೆಯದೂ ತಪ್ಪಲ್ಲ, ದ್ರಾಕ್ಷಿಯದೂ ತಪ್ಪಲ್ಲ. ಹಾಕಿದ ಕೈ, ತಿಂದ ಬಾಯಿ ಎರಡೂ ಪಾರಾಗಿ ಹೊಡೆತ ಬೋಗುಣಿಗೆ ಬಿತ್ತು. ಮೈ ತಗ್ಗಾಗಿ, ಕಲಾಯಿ ಹೋಗಿ ಇಲ್ಲೇ ಬಿದ್ದಿದ್ದೇನೆ.

ಮೊನ್ನೆ ಗೌರವ್ವ, ತಮ್ಮನಿಗೆ ಶಕ್ತಿ ಬರಲೆಂದು ಮತ್ತೆ ಒಂದು ಚೀಲ ಮಣೂಕ ಕಳಿಸಿದ್ದಳು. ನಿಂಬೆವ್ವ ಅಷ್ಟನ್ನೂ ನನ್ನೊಳಗೆ ಸುರಿದು ಕಾಗೆ ಕರೆದಳು.

"ತಿನ್ರಿ. ನಿಮಗ ರೆಕ್ಕಿ ಅದಾವ, ಕಾಲು ಹೋದ್ರೂ ನಡೀತದ."

ಕಾಗೆಗಳು ಮುಗಿಬಿದ್ದವು. ಕಿಟಕಿಯಲ್ಲಿ ರಾಚಪ್ಪ ನಿಂತಿದ್ದ, ಕಾಲಿಗೆ ಇನ್ನೂ ಬ್ಯಾಂಡೇಜು. ಕಾಗೆಗಳನ್ನೇ ನೋಡುತ್ತ ಜೊಲ್ಲು ನುಂಗಿದ.