ಕೊಕ್ಕೆಗೆ ಹುಳ ಪೋಣಿಸುವ ಕ್ರಮ

ಮಾವನವರ ಪ್ರಕಾರ ಈ ಲೋಕದಲ್ಲಿ ಮೀನು ಹಿಡಿಯಲು ಬಲ್ಲವರು ಇಬ್ಬರೇ. ಒಬ್ಬರು ಅವರೇ. ಇನ್ನೊಬ್ಬ ಅವರ ಗೆಳೆಯ ದರ್ಜಿ, ಅವನು ಸತ್ತು ಹನ್ನೊಂದು ವರ್ಷವಾಗಿತ್ತು. ಮಿಕ್ಕವರೆಲ್ಲ ಕೆರೆಗೆ ಗಾಳಿ ಕುಡಿಯಲು ಬರುವವರು. ಹತ್ತು ಜೇಬಿನ ಅಂಗಿ ತೊಟ್ಟು, ಅಂಗಡಿಯವನು ತೋರಿಸಿದ್ದನ್ನೆಲ್ಲ ಕೊಂಡು, ದೋಣಿ ತುಂಬ ಸಾಮಾನು ಹೇರಿಕೊಂಡು, ಸಂಜೆ ಖಾಲಿ ಬುಟ್ಟಿ ಹೊತ್ತು ಮನೆಗೆ ಹೋಗುವವರು. ಅಂಥವರನ್ನು ಕಂಡರೆ ಮಾವನವರು ಮೂಗು ಮುರಿಯುತ್ತಿದ್ದರು, ಕಾಣದಿದ್ದರೆ ನೆನೆಸಿಕೊಂಡು ಮುರಿಯುತ್ತಿದ್ದರು.

ಅವರು ಮೂವತ್ತೆಂಟು ವರ್ಷ ಕಾರ್ಖಾನೆಯಲ್ಲಿ ಅಚ್ಚು ಕೊರೆದು ನಿವೃತ್ತರಾದವರು. ಲೋಹದ ಮೇಲೆ ಬೆರಳು ಸವರಿ, ಇಲ್ಲಿ ಕೂದಲೆಳೆಯಷ್ಟು ಉಬ್ಬಿದೆ ಎಂದರೆ ಉಬ್ಬಿರಲೇಬೇಕು. ನಂಬದೆ ಅಳತೆಯ ಸಾಧನ ಹಿಡಿದು ಬಂದ ಇಂಜಿನಿಯರುಗಳು ಪೆಚ್ಚಾಗಿ ಹೋಗುತ್ತಿದ್ದರು. ಈಗ ಮನೆಯ ಹಿಂದಿನ ಶೆಡ್ಡಿನಲ್ಲಿ ತಾವೇ ಕೊರೆದ ಅಲ್ಯೂಮಿನಿಯಂ ಅಚ್ಚಿಗೆ ಕರಗಿಸಿದ ಮೆತ್ತನೆಯ ಪ್ಲಾಸ್ಟಿಕ್ ಹೊಯ್ದು, ಬಾಸ್ ಎಂಬ ಬೇಟೆಮೀನಿಗೆ ಬೇಕಾದ ರಬ್ಬರ್ ಹುಳಗಳನ್ನು ಮಾಡುತ್ತಿದ್ದರು. ಗೇಣುದ್ದದ ಹುಳ, ಬಾಲದ ಕಡೆ ಕಡ್ಡಿಯಷ್ಟು ತೆಳು. ಒಳಗೆ ಚೂರು ಉಪ್ಪು. ಕಚ್ಚಿದ ಮೀನು ಉಗುಳುವ ಮುಂಚೆ ಇನ್ನೊಂದು ಗಳಿಗೆ ಬಾಯಲ್ಲಿಟ್ಟುಕೊಳ್ಳಲಿ ಎಂದು. ಬಣ್ಣ ಒಂದೇ, ಕಪ್ಪು ದ್ರಾಕ್ಷಿಯದು. ಅಂಗಡಿಯಲ್ಲಿ ನಲವತ್ತು ಬಣ್ಣದ ಹುಳ ನೇತುಹಾಕಿರುತ್ತಾರಲ್ಲ, ಅವು ಮೀನು ಹಿಡಿಯುವುದಕ್ಕಲ್ಲ, ಕೊಳ್ಳುವ ಪೆದ್ದರನ್ನು ಹಿಡಿಯುವುದಕ್ಕೆ ಎನ್ನುವುದು ಅವರ ತೀರ್ಮಾನ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಯಾರಾದರೂ ನಕ್ಕರೆ, ಆ ಯಾರಾದರೂ ಮತ್ತೆ ಆ ಶೆಡ್ಡಿನ ಹೊಸ್ತಿಲು ತುಳಿಯುವಂತಿರಲಿಲ್ಲ.

ಇಂಥವರ ಒಬ್ಬಳೇ ಮಗಳು ಕಟ್ಟಿಕೊಂಡದ್ದು ಕನ್ನಡಕದ ಅಂಗಡಿಯವನನ್ನು. ದಿನವಿಡೀ ಬಿಳಿ ಗೋಡೆಯ ಕೋಣೆಯಲ್ಲಿ ಕೂತು, ಈ ಅಕ್ಷರ ಕಾಣುತ್ತಾ, ಆ ಅಕ್ಷರ ಕಾಣುತ್ತಾ ಎಂದು ಕೇಳುವುದೂ ಒಂದು ಕಸುಬೇ ಎಂದು ಮಾವನವರಿಗೆ ಮದುವೆಯ ದಿನವೇ ಅನ್ನಿಸಿತ್ತು. ಆದರೂ ಅವನನ್ನು ಅವರು ಏಕವಚನದಲ್ಲಿ ಕರೆದವರಲ್ಲ. ‘ಅಳಿಯಂದಿರು’ ಎಂದೇ ಕರೆಯುವುದು, ‘ತಾವು’ ಎಂದೇ ಮಾತಾಡಿಸುವುದು. ಆ ಮರ್ಯಾದೆಯಲ್ಲಿ ಅವರು ತುಂಬುತ್ತಿದ್ದಷ್ಟು ತಿರಸ್ಕಾರವನ್ನು ಬೇರೆಯವರು ಬೈಗುಳದಲ್ಲೂ ತುಂಬಲಾರರು.

ವರ್ಷದಿಂದ ಈ ಅಳಿಯಂದಿರು ಭಾನುವಾರದ ದೋಣಿಯಲ್ಲಿ ಜೊತೆಗಾರ. ಅದು ಮಗಳ ಕಟ್ಟಪ್ಪಣೆ. ಅವಳು ಆಸ್ಪತ್ರೆಯಲ್ಲಿ ನರ್ಸು, ಸಕ್ಕರೆ ಕಾಯಿಲೆಯವರ ವಾರ್ಡಿನಲ್ಲಿ. ಅಪ್ಪನಿಗೂ ಸಕ್ಕರೆ ಎಂದು ಗೊತ್ತಾದ ದಿನ ಅವಳು ಎರಡು ಕಾನೂನು ಮಾಡಿದ್ದಳು. ಒಂದು, ಒಬ್ಬರೇ ನೀರಿಗೆ ಇಳಿಯಕೂಡದು. ಎರಡು, ಬೆರಳು ಜೋಮು ಹಿಡಿಯಲು ಶುರುವಾದರೆ ಆ ದಿನವೇ ತನಗೆ ಹೇಳಬೇಕು. ಅಲ್ಲಿಗೆ ಕೊಕ್ಕೆ, ಚಾಕು, ಕುದಿಯುವ ಪ್ಲಾಸ್ಟಿಕ್ಕು, ದೋಣಿ ಎಲ್ಲಾ ಬಂದ್. ಗಾಯವಾದದ್ದು ಗೊತ್ತಾಗದೆ ಬೆರಳನ್ನೇ ಕಳೆದುಕೊಂಡವರನ್ನು ಅವಳು ವಾರಕ್ಕೊಬ್ಬರಂತೆ ನೋಡುತ್ತಿದ್ದಳು. ಮಾವನವರು ಆಗಲಿ ಎಂದು ತಲೆಯಾಡಿಸಿದ್ದರು.

ಬೆರಳು ಜೋಮು ಹಿಡಿದು ಆಗಲೇ ಆರು ತಿಂಗಳಾಗಿತ್ತು. ಮೊದಮೊದಲು ಇರುವೆ ಹರಿದ ಹಾಗೆ, ಆಮೇಲೆ ಅದೂ ಇಲ್ಲ. ಅಂಗಿಯ ಗುಂಡಿಯನ್ನು ಕನ್ನಡಿಯ ಮುಂದೆ ನಿಂತು ಹಾಕಿಕೊಳ್ಳುತ್ತಿದ್ದರು. ಚಮಚ ಹಿಡಿದಿದ್ದೇನೆಯೇ ಎಂದು ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಯಾರಿಗೂ ಹೇಳಿರಲಿಲ್ಲ. ಭಾನುವಾರವೊಂದು ಹೋದರೆ ವಾರದಲ್ಲಿ ಉಳಿಯುವುದೇನು ಎಂದು ಅವರನ್ನು ಕೇಳಿದ್ದರೆ ಉತ್ತರವಿರಲಿಲ್ಲ, ಹಾಗಾಗಿ ಯಾರೂ ಕೇಳದ ಹಾಗೆ ನೋಡಿಕೊಂಡಿದ್ದರು.

ಆದರೆ ರಬ್ಬರ್ ಹುಳದ ಬೇಟೆಯೆಂದರೆ ಪೂರ್ತಿ ಬೆರಳಿನ ಬೇಟೆ. ಎಸೆದು ಎಳೆದು ಎಸೆದು ಎಳೆಯುವುದಲ್ಲ. ಹುಳ ಜೊಂಡಿನ ಪಕ್ಕ ಬೀಳಬೇಕು, ತಳ ಮುಟ್ಟುವವರೆಗೆ ಸುಮ್ಮನಿರಬೇಕು. ಗಾಳದ ಕೋಲನ್ನು ನಿಧಾನವಾಗಿ ಮೇಲೆತ್ತಿ, ದಾರ ಸಡಿಲಬಿಟ್ಟು, ಹುಳವನ್ನು ಮತ್ತೆ ಬೀಳಲು ಬಿಡಬೇಕು. ಆ ಬೀಳುವಾಗಲೇ ಮೀನು ಬಾಯಿ ಹಾಕುವುದು. ತೋರುಬೆರಳ ಮೇಲೆ ಹಾದ ದಾರದಲ್ಲಿ ಒಂದು ‘ಟಕ್’ ಬರುತ್ತದೆ, ಅಷ್ಟೇ. ಬಂದೊಡನೆ ಕೋಲು ತಗ್ಗಿಸಿ, ಸಡಿಲ ದಾರ ಸುತ್ತಿಕೊಂಡು, ಆಮೇಲೆ ಜಗ್ಗಬೇಕು. ಆ ಟಕ್ ಸಿಗದವನು ದೋಣಿಯಲ್ಲಿ ಕೂತರೂ ಒಂದೇ, ಮನೆಯಲ್ಲಿ ಬಕೆಟ್ಟಿನ ಮುಂದೆ ಕೂತರೂ ಒಂದೇ. ಇದು ಮಾವನವರೇ ನೂರು ಸಲ ಹೇಳಿದ ಮಾತು.

ಆರು ತಿಂಗಳಿಂದ ಆ ಟಕ್ ಅವರಿಗೆ ಸಿಕ್ಕಿರಲಿಲ್ಲ. ಹತ್ತು ಎಣಿಸಿ ಸುಮ್ಮನೆ ಜಗ್ಗುತ್ತಿದ್ದರು, ಜೊಂಡು ಕಿತ್ತು ಬರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಾವನವರು ಮೊದಲು ನೀರಿನದು ತಪ್ಪೆಂದರು, ಆಮೇಲೆ ಗಾಳಿಯದೆಂದರು, ಕೊನೆಗೆ ಅಳಿಯಂದಿರ ಉಸಿರಾಟದ ಸದ್ದಿಗೆ ಮೀನು ಓಡುತ್ತಿದೆ ಎಂದರು. ಅಳಿಯನಿಗೋ ಪ್ರತಿ ವಾರ ಎರಡು ಮೂರು ಬೀಳುತ್ತಿದ್ದವು. ಅವನು ಬೆರಳನ್ನು ನಂಬಿದವನಲ್ಲ. ದಾರ ನೀರಿಗೆ ಇಳಿಯುವ ಜಾಗವನ್ನು ನೆಟ್ಟ ಕಣ್ಣಿನಿಂದ ನೋಡುತ್ತಿದ್ದ. ದಾರ ಒಂದಿಷ್ಟು ಪಕ್ಕಕ್ಕೆ ಸರಿದರೆ ಜಗ್ಗುತ್ತಿದ್ದ. ಕಣ್ಣಿನಿಂದ ಮೀನು ಹಿಡಿಯುವವನು ಮೂಗಿನಿಂದ ಊಟ ಮಾಡಬಲ್ಲ ಎಂದು ಮಾವನವರು ದೋಣಿಕಟ್ಟೆಯಲ್ಲಿ ನಾಲ್ಕು ಜನರ ಮುಂದೆ ಹೇಳಿದ್ದರು. ಅಳಿಯನೂ ಅವರ ಜೊತೆ ಸೇರಿ ನಕ್ಕಿದ್ದ. ಬೈದರೂ ನಗುವವನನ್ನು ಮತ್ತೆ ಬೈಯುವುದು ಹೇಗೆ ಎಂದು ತಿಳಿಯದೆ ಮಾವನವರಿಗೆ ಮೈಯೆಲ್ಲ ಉರಿದಿತ್ತು.

ಆ ಭಾನುವಾರ ಬಿಸಿಲು ಚೆನ್ನಾಗಿ ಏರಿತ್ತು. ದೋಣಿಯನ್ನು ಜೊಂಡಿನ ಅಂಚಿಗೆ ನಿಲ್ಲಿಸಿದ್ದರು. ಅಳಿಯ ಹೊಸ ಹುಳ ಪೋಣಿಸುತ್ತಿದ್ದ. ಅದು ಸ್ವಲ್ಪ ಸೊಟ್ಟಗಿತ್ತು. ಮಾವನವರಿಗೆ ಅಷ್ಟು ಸಾಕಾಯಿತು. ತಮ್ಮ ಪೆಟ್ಟಿಗೆಯಿಂದ ಒಂದು ಹುಳ, ಒಂದು ಕೊಕ್ಕೆ ತೆಗೆದರು.

ಅವರ ಪಾಠ ದೀರ್ಘವಾಗಿತ್ತು. ಸೀಸದ ಗುಂಡು ಮೊದಲು ದಾರಕ್ಕೆ, ಕೊಕ್ಕೆ ಆಮೇಲೆ ಎಂದರು. ಇದು ಹತ್ತು ವರ್ಷದ ಮಕ್ಕಳಿಗೂ ಗೊತ್ತಿರುತ್ತದೆ, ಆದರೆ ಓದಿದವರಿಗೆ ಇನ್ನೊಮ್ಮೆ ಹೇಳಬೇಕಾಗುತ್ತದೆ ಎಂದರು. ಕೊಕ್ಕೆಯ ಮೊನೆಯನ್ನು ಹುಳದ ತಲೆಗೆ ಅರ್ಧ ಬೆರಳಗಲದಷ್ಟು ಚುಚ್ಚಿ, ಪಕ್ಕಕ್ಕೆ ತೆಗೆದು, ಹುಳವನ್ನು ಕೊಕ್ಕೆಯ ಕಣ್ಣಿನವರೆಗೆ ಏರಿಸಿದರು. ಕೊಕ್ಕೆಯನ್ನು ತಿರುಗಿಸಿದರು. ಇನ್ನು ಉಳಿದದ್ದು ಮೊನೆಯನ್ನು ಹುಳದ ಹೊಟ್ಟೆಯೊಳಗೆ ಅಡಗಿಸುವುದು, ಜೊಂಡಿಗೆ ಸಿಕ್ಕಿಕೊಳ್ಳದ ಹಾಗೆ, ಮೀನಿಗೆ ಕಾಣದ ಹಾಗೆ. ಹುಳ ಕಡ್ಡಿಯಷ್ಟು ನೆಟ್ಟಗಿರಬೇಕು. ಸೊಟ್ಟಗಿದ್ದರೆ ನೀರಿನಲ್ಲಿ ಗಿರಗಿರ ತಿರುಗಿ ದಾರವೆಲ್ಲ ಹುರಿಗಟ್ಟುತ್ತದೆ. ಅದನ್ನು ಕಣ್ಣಿನಿಂದ ನೋಡಿ ಮಾಡುವವನು ಮೂರ್ಖ, ಬೆರಳೇ ಹೇಳುತ್ತದೆ ಎಂದು ಅವರು ಮುಖ ಮೇಲೆತ್ತಿ, ಅಳಿಯನನ್ನೇ ನೋಡುತ್ತ, ಮೊನೆಯನ್ನು ಒತ್ತಿದರು.

“ನೋಡಿದ್ರಾ ಅಳಿಯಂದಿರೆ? ಹೀಗೆ. ತಮ್ಮ ಅಂಗಡೀಲಿ ಇಂಥದ್ದಕ್ಕೆ ಕನ್ನಡಕ ಸಿಗಲ್ಲ.”

ಅಳಿಯ ಹುಳ ನೋಡುತ್ತಿರಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು. ಅವರ ಪಾಠ ಇನ್ನೂ ಎರಡು ವಾಕ್ಯ ಮುಂದುವರಿಯಿತು. ಆಮೇಲೆ ಅವನು ಮೆಲ್ಲಗೆ, ಮಾವ, ಬೆರಳು ಎಂದ.

ಮಾವನವರು ಕೆಳಗೆ ನೋಡಿದರು. ಕೊಕ್ಕೆ ಹುಳವನ್ನು ದಾಟಿ ಅವರ ಎಡಗೈ ತೋರುಬೆರಳಿಗೆ ನುಗ್ಗಿತ್ತು, ಮೊನೆಯ ಹಿಂದಿನ ಮುಳ್ಳೂ ಒಳಗೆ ಹೋಗಿತ್ತು. ರಕ್ತ ಹುಳದ ಮೇಲೆ ಹರಿದು ಮಣಿಕಟ್ಟಿನಿಂದ ಪ್ಯಾಂಟಿನ ಮೇಲೆ ತೊಟ್ಟಿಕ್ಕುತ್ತಿತ್ತು, ತೊಟ್ಟಿಕ್ಕಿ ಆಗಲೇ ಅಂಗೈಯಗಲ ಕಲೆಯಾಗಿತ್ತು. ಅದು ಬೇರೆಯವರ ಬೆರಳು ಎಂದಿದ್ದರೂ ಅವರು ನಂಬುತ್ತಿದ್ದರು.

ಗೊತ್ತು, ನೋವು ತೋರಿಸಿಕೊಳ್ಳುವ ಅಭ್ಯಾಸ ನನಗಿಲ್ಲ ಎಂದು ಅವರು ಹೇಳಿದರು. ಆ ಸುಳ್ಳು ಎಷ್ಟು ಬಡಕಲಾಗಿತ್ತೆಂದರೆ ಅವರಿಗೇ ನಾಚಿಕೆಯಾಯಿತು. ಅಳಿಯ ದಾರದ ಒಂದು ಕುಣಿಕೆ ಮಾಡಿ ಕೊಕ್ಕೆಯ ಬಾಗಿಗೆ ಹಾಕಿ, ಕೊಕ್ಕೆಯ ಹಿಡಿಯನ್ನು ಬೆರಳಿಗೆ ಅಮುಕಿ ಹಿಡಿದು, ಒಂದೇ ಜಗ್ಗಿಗೆ ಹೊರಗೆಳೆದ. ಎಳೆಯುವಾಗ ಅವನ ಹುಬ್ಬು ಗಂಟಿಕ್ಕಿತು. ಮಾವನವರ ಮುಖದಲ್ಲಿ ಏನೂ ಆಗಲಿಲ್ಲ. ಆಗದೇ ಇದ್ದದ್ದನ್ನು ಅವನು ನೋಡಿದ. ದಿನವಿಡೀ ಜನರ ಮುಖವನ್ನು ಹತ್ತಿರದಿಂದ ನೋಡುವುದೇ ತಾನೆ ಅವನ ಕಸುಬು.

ಕರವಸ್ತ್ರ ಸುತ್ತುತ್ತ ಅವನು ಹೇಳಿದ, “ಅವಳಿಗೆ ನಾನು ಹೇಳಲ್ಲ, ಮಾವ.”

“ತಮ್ಮನ್ನ ಯಾರು ಕೇಳಿದ್ದು?” ಎಂದರು ಮಾವನವರು.

ಅಳಿಯ ದೋಣಿಯನ್ನು ದಡದ ಕಡೆ ತಿರುಗಿಸಿದ. ಎಂಜಿನ್ನಿನ ಸದ್ದಿನಲ್ಲಿ ಮಾವನವರು ಹಲ್ಲು ಕಚ್ಚಿ ಕೂತಿದ್ದರು. ಬೆರಳು ಸತ್ತಿದೆ ಎನ್ನುವುದಕ್ಕಿಂತ, ಅದು ಇವನಿಗೆ ತಿಳಿಯಿತು ಎನ್ನುವುದು ಅವರನ್ನು ಕೊರೆಯುತ್ತಿತ್ತು. ಅವನು ಚಾಡಿ ಹೇಳುವವನಾಗಿದ್ದರೆ ಒಳ್ಳೆಯದಿತ್ತು, ಉಗಿದು ಕೈ ತೊಳೆದುಕೊಳ್ಳಬಹುದಿತ್ತು. ಹೇಳುವುದಿಲ್ಲ ಎಂದುಬಿಟ್ಟ. ಇನ್ನು ಮೇಲೆ ಪ್ರತಿ ಭಾನುವಾರ ಈ ಕನ್ನಡಕದವನ ದೊಡ್ಡ ಮನಸ್ಸಿನ ಮೇಲೆ ಕೂತು ದೋಣಿ ಏರಬೇಕು. ಅವನು ತಮ್ಮ ದಾರವನ್ನೂ ನೋಡಿಕೊಳ್ಳುತ್ತಾನೆ, ಬೈಗುಳಕ್ಕೂ ನಗುತ್ತಾನೆ.

ಮನೆಯಲ್ಲಿ ಮಗಳು ಅಡುಗೆಮನೆಯ ಮೇಜಿನ ಮೇಲೆ ತಟ್ಟೆ ಇಡುತ್ತಿದ್ದಳು. ರಕ್ತದ ಕರವಸ್ತ್ರ ಕಂಡದ್ದೇ ತಟ್ಟೆ ಅಲ್ಲೇ ನಿಂತಿತು. ಏನಾಯಿತು ಎಂದು ಅವಳು ಕೇಳಿ ಮುಗಿಸುವ ಮುಂಚೆ ಅಳಿಯ ಬಾಯಿ ಹಾಕಿದ. ತಪ್ಪು ತನ್ನದು, ಕೋಲು ಬೀಸುವಾಗ ಹಿಂದೆ ನೋಡಲಿಲ್ಲ, ಕೊಕ್ಕೆ ಹೋಗಿ ಮಾವನ ಬೆರಳಿಗೆ ಸಿಕ್ಕಿಕೊಂಡಿತು ಎಂದ. ಹೇಳುವಾಗ ಹೆಂಡತಿಯನ್ನು ಬಿಟ್ಟು ಕಿಟಕಿ, ಒಲೆ, ಕ್ಯಾಲೆಂಡರು ಎಲ್ಲವನ್ನೂ ನೋಡಿದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಗಳು ಗಂಡನನ್ನು ನಿಲ್ಲಿಸಿಕೊಂಡು ಬೈದಳು. ಸಕ್ಕರೆ ಇರುವವರಿಗೆ ಗಾಯವೆಂದರೆ ಏನೆಂದು ಎಷ್ಟು ಸಲ ಹೇಳಬೇಕು, ಜೊತೆಗೆ ಕಳಿಸುವುದು ನೋಡಿಕೊಳ್ಳಲೋ ಚುಚ್ಚಲೋ, ಅಪ್ಪ ಹೇಳುವುದೇ ಸರಿ, ನಿಮ್ಮ ಕೈಗೆ ಏನು ಕೊಟ್ಟರೂ ಇಷ್ಟೇ ಎಂದಳು. ಅವನು ಬಾಗಿಲ ಪಕ್ಕ ಒದ್ದೆ ಬೂಟಿನಲ್ಲೇ ನಿಂತು ಹೌದು ಹೌದು ಎನ್ನುತ್ತಿದ್ದ.

ಮಾವನವರು ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮುಂದಿನ ಭಾನುವಾರ ಅವರದೇ, ಅದರ ಮುಂದಿನದೂ. ಇನ್ನೂ ಬೇಕೆಂದರೆ ತಾವೂ ಒಂದು ಕೊಂಕು ಸೇರಿಸಬಹುದಿತ್ತು. ಅಭ್ಯಾಸಬಲದಿಂದ ಅದು ನಾಲಿಗೆಯ ತುದಿಗೆ ಬಂದೂ ಬಂತು. ಆದರೆ ಬೈಗುಳ ತಿನ್ನುತ್ತ ನಿಂತ ಆ ಮನುಷ್ಯನ ಮುಖ ನೋಡಿದಾಗ, ಅವನಿಗಿಂತ ತಾವೇ ಕೀಳೆಂದು ಅವರಿಗೆ ಮೊದಲ ಬಾರಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವರಿಗೆ ಅವನ ಮೇಲೆ ಮತ್ತಷ್ಟು ಸಿಟ್ಟು ಬಂತು.

“ನಿನ್ನ ಗಂಡನಿಗೆ ಒಂದು ಸುಳ್ಳನ್ನ ನೆಟ್ಟಗೆ ಹೇಳೋಕೂ ಬರಲ್ಲ,” ಎಂದರು. “ಅವನ ಕೊಕ್ಕೆ ಅಲ್ಲ ಅದು. ನಾನೇ ಚುಚ್ಚಿಕೊಂಡಿದ್ದು. ಒಳಗಿಳಿಯೋವರೆಗೂ ನಂಗೆ ಗೊತ್ತಾಗ್ಲಿಲ್ಲ. ಹೊರಗೆ ತೆಗೆದಿದ್ದೂ ಗೊತ್ತಾಗ್ಲಿಲ್ಲ.”

ಮಗಳು ಗಂಡನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ. ಎಷ್ಟು ದಿನದಿಂದ ಎಂದು ಅವಳು ಕೇಳಿದಳು. ಆರು ತಿಂಗಳು ಎಂದರು ಮಾವನವರು, ಕಾರ್ಖಾನೆಯಲ್ಲಿ ಅಳತೆ ಹೇಳುತ್ತಿದ್ದ ಅದೇ ಧ್ವನಿಯಲ್ಲಿ.

ಅವಳು ಬೈಯಲಿಲ್ಲ. ಗಾಯ ತೊಳೆದು ಪಟ್ಟಿ ಕಟ್ಟಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಅವರ ಬಲಗೈಯನ್ನು ತನ್ನ ಕಡೆಗೆ ತೆಗೆದುಕೊಂಡು, ವಾರ್ಡಿನಲ್ಲಿ ಹೇಳುವ ಹಾಗೆ, ಮುಖ ಆ ಕಡೆ ಮಾಡಲು ಹೇಳಿದಳು. ಮುಟ್ಟಿದ್ದು ಗೊತ್ತಾದರೆ ಹೂಂ ಅನ್ನಬೇಕು. ಮಾವನವರು ಕಿಟಕಿಯ ಕಡೆ ತಿರುಗಿದರು. ಹೊರಗೆ ಅಳಿಯ ದೋಣಿಯ ಸಾಮಾನನ್ನು ಒಂದೊಂದಾಗಿ ಶೆಡ್ಡಿಗೆ ಒಯ್ಯುತ್ತಿದ್ದ.

“ಇದು?”

“ಇಲ್ಲ.”

“ಇದು?”

“ಇಲ್ಲ.”

ಮೂರನೆಯದಕ್ಕೆ ಅವರ ಸೊಕ್ಕು ಇನ್ನೊಮ್ಮೆ ತಲೆಯೆತ್ತಿತು. ಹೂಂ, ಗೊತ್ತಾಗುತ್ತೆ ಎಂದರು.

“ನಾನಿನ್ನೂ ಮುಟ್ಟಿಲ್ಲ ಅಪ್ಪ,” ಎಂದಳು.

ಆಮೇಲೆ ಅವಳು ಏನೂ ಕೇಳಲಿಲ್ಲ. ಮಾವನವರು ಮುಂದಿನ ಪ್ರಶ್ನೆಗೆ ಕಾದರು. ಬರಲಿಲ್ಲ. ಪರೀಕ್ಷೆ ಮುಗಿಯಿತೋ, ಅವಳು ಕೈಬಿಟ್ಟು ಎದ್ದು ಹೋದಳೋ ತಿಳಿಯದೆ ಅವರು ತಿರುಗಿ ನೋಡಬೇಕಾಯಿತು. ಅವಳು ಅಲ್ಲೇ ಇದ್ದಳು. ಅವರ ಐದೂ ಬೆರಳುಗಳನ್ನು ತನ್ನ ಎರಡೂ ಅಂಗೈಗಳ ನಡುವೆ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದಳು.